ಹಳದಿ ಗೆರೆಯ ಜೀಪು

ಬೂತಾಯಿ ಮೀನಿನ ತಲೆ ತೆಗೆಯುತ್ತಿದ್ದ ಸಮೀನಾಳ ಕೈ ಗಕ್ಕನೆ ನಿಂತಿತು.

ಟಣ್... ಟಣ್... ಟಣ್...

ಅಡುಗೆಮನೆಯ ಹಿಂದೆಯೇ ಬಾಪನ ಗುಜರಿ ಯಾರ್ಡು. ಕಬ್ಬಿಣದ ಸದ್ದು ಕೇಳಿಕೊಂಡೇ ಬೆಳೆದವಳು ಅವಳು. ಇದು ತುಕ್ಕು ಹಿಡಿದ ಬೋಲ್ಟನ್ನು ಸಡಿಲಿಸುವ ಸುತ್ತಿಗೆ ಎಂದು ಕಿವಿಗೇ ಗೊತ್ತಾಯಿತು. ಬರುತ್ತಿದ್ದದ್ದು ಗೋಡೆ ಬದಿಯ ಶೀಟಿನ ಮಾಡಿನ ಕಡೆಯಿಂದ.

ಅಲ್ಲಿರುವುದು ತನ್ನ ಜೀಪು ಒಂದೇ!

ಕೈ ತೊಳೆಯಲೂ ನಿಲ್ಲದೆ, ತಲೆಯ ಶಾಲನ್ನು ಮೊಣಕೈಯಿಂದಲೇ ಸರಿಮಾಡಿಕೊಂಡು ಓಡಿದಳು. ಜೀಪಿನ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದವು.

"ಯಾರದು? ಹೊರಗೆ ಬನ್ನಿ! ಈಗಲೇ ಬನ್ನಿ!"

ಸುತ್ತಿಗೆ ನಿಂತಿತು. ಗಂಡಸೊಬ್ಬ ಬೆನ್ನ ಮೇಲೆಯೇ ಜಾರಿಕೊಂಡು ಹೊರಬಂದ. ಮೂವತ್ತೈದರ ಆಸುಪಾಸು. ಹುಬ್ಬಿನ ತುಂಬಾ ತುಕ್ಕಿನ ಪುಡಿ. ಅವನ ಕಣ್ಣು ಮೊದಲು ಹೋದದ್ದು ಅವಳ ಮುಖಕ್ಕಲ್ಲ, ಅವಳ ಬಲಗೈಗೆ.

"ಚೂರಿ ಕೆಳಗಿಡಿ ಮಾರಾಯ್ರೆ... ನಾನು ಮೀನಲ್ಲ."

ಸಮೀನಾ ಬೆಚ್ಚಿ ತನ್ನ ಕೈ ನೋಡಿಕೊಂಡಳು. ಬೆರಳಿಗೆಲ್ಲ ಮೀನಿನ ಚಿಪ್ಪು, ಹಿಡಿಯಲ್ಲಿ ಚೂರಿ! ನಾಚಿಕೆಯಾಯಿತು. ಆದರೆ ಚೂರಿಯನ್ನು ಕೆಳಗಿಡಲಿಲ್ಲ.

"ಈ ಜೀಪಿಗೆ ಯಾಕೆ ಕೈ ಹಾಕಿದ್ರಿ?"

"ಗೇರ್‌ಬಾಕ್ಸ್ ಬಿಚ್ಚಿಕೊಂಡು ಹೋಗು ಅಂತ ಅದ್ದಾಕ ಹೇಳಿದ್ರು. ನಾನು ಶಿಹಾಬ್. ಪಣಂಬೂರಿನಲ್ಲಿ ಹಡಗು ರಿಪೇರಿ ಶೆಡ್‌ನಲ್ಲಿ ವೆಲ್ಡರ್. ನಮ್ಮ ಶೆಡ್ಡಿನ ಜೀಪಿಗೆ ಬೇಕಿತ್ತು."

"ಬಾಪ!"

ಆ ಕೂಗಿಗೆ ಅವಳ ಅಪ್ಪ ಅದ್ದು ಅರ್ಧ ಕುಡಿದ ಚಹಾದ ಲೋಟ ಹಿಡಿದುಕೊಂಡೇ ಬಂದರು. ನಲವತ್ತು ವರ್ಷ ಗುಜರಿ ನಡೆಸಿದ ಮನುಷ್ಯ. ಯಾರಿಗೂ ಹೆದರಿದವರಲ್ಲ, ಮಗಳೊಬ್ಬಳನ್ನು ಬಿಟ್ಟು.

"ಇದು ನನ್ನದು, ಇದನ್ನು ಬಿಚ್ಚಬಾರದು ಅಂತ ಹೇಳಿದ್ದೆ ಅಲ್ವಾ ಬಾಪ?"

"ಹೇಳಿದ್ದಿ. ಎರಡು ವರ್ಷದಿಂದ ಹೇಳ್ತಾ ಇದ್ದಿ. ಜೀಪು ಕಟ್ತೇನೆ, ಜೀಪು ಕಟ್ತೇನೆ... ಇಷ್ಟರವರೆಗೆ ನಮ್ಮ ಕೋಳಿಗಳಿಗೆ ಮೊಟ್ಟೆ ಇಡ್ಲಿಕ್ಕೆ ಆಯಿತು, ಅಷ್ಟೇ."

ಈ ಮಾತಿಗೆ ಹೊಸಬ ನಗುತ್ತಾನೆ ಎಂದುಕೊಂಡಳು ಸಮೀನಾ. ಎಲ್ಲರೂ ನಗುತ್ತಿದ್ದರು. ಆದರೆ ಶಿಹಾಬ್ ಗೋಡೆಯ ಕಡೆ ನೋಡುತ್ತಿದ್ದ. ಅಲ್ಲಿ ಅಪಘಾತವಾದ ವ್ಯಾನೊಂದರಿಂದ ಇಳಿಸಿದ ಇಂಜಿನ್, ಎಣ್ಣೆ ಹಚ್ಚಿ ಗೋಣಿ ಮುಚ್ಚಿಟ್ಟ ಸ್ಟೇರಿಂಗ್, ಬಟ್ಟೆ ಹರಿದ ಎರಡು ಸೀಟು, ಒಂದೊಂದಕ್ಕೂ ಕಟ್ಟಿದ ರಟ್ಟಿನ ಚೀಟಿ.

"ಇದೆಲ್ಲ ನೀವೇ ಆರಿಸಿ ಇಟ್ಟದ್ದಾ?"

"ಹೌದು."

"ಕಾಗದ ಉಂಟಾ ಜೀಪಿಗೆ?"

"ಆರ್‌ಸಿ ನನ್ನ ಹೆಸರಿನಲ್ಲೇ ಉಂಟು. ಇಂಜಿನ್ ಬದಲಿಸಲಿಕ್ಕೆ ಆರ್‌ಟಿಓಗೆ ಅರ್ಜಿಯೂ ಕೊಟ್ಟಿದ್ದೇನೆ. ಕಟ್ಟಿದ ಮೇಲೆ ಬ್ರೇಕ್ ಇನ್ಸ್‌ಪೆಕ್ಟರ್ ನೋಡಿ ಪಾಸ್ ಮಾಡಬೇಕು."

ಶಿಹಾಬ್ ಬಗ್ಗಿ, ಬಿಚ್ಚಲು ಹೊರಟಿದ್ದ ಬೋಲ್ಟನ್ನು ಮತ್ತೆ ತಿರುಗಿಸಿ ಬಿಗಿ ಮಾಡಿದ.

"ಗೇರ್‌ಬಾಕ್ಸ್ ಬೇರೆ ಕಡೆ ಹುಡುಕ್ತೇನೆ ಅದ್ದಾಕ. ಆದ್ರೆ ಒಂದು ಮಾತು..." ಅವನು ಸಮೀನಾಳ ಕಡೆ ತಿರುಗಿದ. "ಚಾಸಿಸ್ ಹಿಂದುಗಡೆ ತುಕ್ಕು ತಿಂದಿದೆ. ಹೀಗೇ ಓಡಿಸಿದ್ರೆ ಪಂಪ್‌ವೆಲ್ ಸರ್ಕಲ್ ತಲುಪುವಾಗ ನಿಮ್ಮ ಹತ್ರ ಎರಡು ಅರ್ಧ ಜೀಪು ಇರ್ತದೆ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. *ಇವನು ಆಗುವುದಿಲ್ಲ ಎನ್ನಲಿಲ್ಲ. ಎಲ್ಲಿ ಕೆಟ್ಟಿದೆ ಎಂದು ಮಾತ್ರ ಹೇಳಿದ!*

*

ಹದಿನೆಂಟರಲ್ಲಿ ಸಮೀನಾಳಿಗೆ ಆಟೊಮೊಬೈಲ್ ಡಿಪ್ಲೊಮಾದಲ್ಲಿ ಸೀಟು ಸಿಕ್ಕಿತ್ತು. 'ಹುಡುಗಿಗೆ ಯಾಕೆ, ನಿನ್ನ ಒಳ್ಳೆಯದಕ್ಕೇ ಹೇಳುವುದು' ಎಂದರು ಮನೆಯವರು. ಮದುವೆಯಾಯಿತು. ಗಂಡ ನಿಝಾರ್ ಒಳ್ಳೆಯವನೇ. ರಜೆಯಲ್ಲಿ ಗಲ್ಫಿನಿಂದ ಬಂದಾಗ ಕಾರು ಕಲಿಸು ಎಂದರೆ, 'ನಾನಿಲ್ಲದಾಗ ಎಲ್ಲಿಗಾದ್ರೂ ಗುದ್ದಿಕೊಂಡ್ರೆ? ನಿನ್ನ ಒಳ್ಳೆಯದಕ್ಕೇ ಹೇಳುವುದು' ಎನ್ನುತ್ತಿದ್ದ. ನಾಲ್ಕು ವರ್ಷದ ಹಿಂದೆ, ಅಲ್ಲಿಯೇ, ಎದೆನೋವಿನಿಂದ ತೀರಿಕೊಂಡ. ಮಗಳು ರೈಹಾನಾಳಿಗೆ ಆಗ ನಾಲ್ಕು ವರ್ಷ.

ಕುಲಶೇಖರದ ತವರಿಗೆ ಮರಳಿದ ಸಮೀನಾ ಸುಮ್ಮನೆ ಕೂರಲಿಲ್ಲ. ಸ್ಪ್ಯಾನರ್ ಹಿಡಿದಳು, ಕಾರು ಓಡಿಸಲು ಕಲಿತಳು. ನಾಲ್ಕು ವರ್ಷದಲ್ಲಿ ಎಷ್ಟು ಗಾಡಿ ಬಿಚ್ಚಿದಳೋ ಲೆಕ್ಕವಿಲ್ಲ.

ಬಿಚ್ಚಿ ಬಿಚ್ಚಿ ಸಾಕಾಗಿತ್ತು. ಒಮ್ಮೆಯಾದರೂ ಜೋಡಿಸಬೇಕಿತ್ತು.

ಶಿಹಾಬ್ ಬಂದುಹೋದ ದಿನ ಮಧ್ಯಾಹ್ನ ಬೂತಾಯಿ ಪುಳಿಮುಂಚಿ ಸಾರು ಬಡಿಸುವಾಗ ಅದ್ದು ಗಂಟಲು ಸರಿಮಾಡಿಕೊಂಡರು.

"ನೋಡು ಮಗಳೇ, ನಾನೂ ಮುದುಕ ಆದೆ. ಮಳೆಗಾಲ ಶುರುವಾಗುವ ಮೊದಲು ಆ ಜೀಪು ತನ್ನ ನಾಲ್ಕು ಚಕ್ರದ ಮೇಲೆ ಗೇಟು ದಾಟಬೇಕು. ಆಗದಿದ್ರೆ ಕಬ್ಬಿಣದ ಲಾರಿಗೆ ಹಾಕ್ತೇನೆ. ಆಮೇಲೆ ಆ ವಿಷಯ ಈ ಮನೆಯಲ್ಲಿ ಬರಬಾರದು."

"ದಾಟ್ತದೆ ಬಾಪ."

"ಯಾರು ದಾಟಿಸುವುದು?"

"ನಾನೇ!"

*

ಮುಂದಿನ ಭಾನುವಾರ ಶಿಹಾಬ್ ತಾನಾಗಿಯೇ ಬಂದ. 'ರಜೆಯಲ್ಲಿ ಮನೆಯಲ್ಲಿ ಕೂತ್ರೆ ಉಮ್ಮ ಹುಡುಗಿಯರ ಫೋಟೋ ತೋರಿಸ್ತಾರೆ' ಎಂದ. ಅದರ ಮುಂದಿನ ಭಾನುವಾರವೂ ಬಂದ. ಆಮೇಲೆ ಕಾರಣ ಹೇಳುವುದನ್ನೇ ಬಿಟ್ಟ.

ಇಂಜಿನ್ ಬಿಚ್ಚಿದ್ದು ಸಮೀನಾ. ರಿಂಗು, ಬೇರಿಂಗು ಹಾಕಿದ್ದೂ ಅವಳೇ. ಅವನು ಕೇಳಿದಾಗ ಮಾತ್ರ ಹೇಳುತ್ತಿದ್ದ. ಅವಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು 'ಬಿಡಿ, ನಾನು ಮಾಡ್ತೇನೆ' ಎಂದು ಒಮ್ಮೆಯೂ ಹೇಳಲಿಲ್ಲ. ಅದೊಂದು ಸಣ್ಣ ವಿಷಯ. ಆದರೆ ರಾತ್ರಿ ಪಾತ್ರೆ ತೊಳೆಯುವಾಗ ಅವಳಿಗೆ ಅದೇ ನೆನಪಾಗಿ, ನಲ್ಲಿಯ ನೀರು ಸುರಿಯುತ್ತಲೇ ಇರುತ್ತಿತ್ತು.

ರೈಹಾನಾ ಮಾತ್ರ ಅವನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಹತ್ತಿರವೇ ಕುಳಿತು, ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ತಟ್ಟೆಯಲ್ಲಿ ಜೋಡಿಸುತ್ತಾ, ಹೇಳುವುದನ್ನೆಲ್ಲ ತಾಯಿಯ ಮೂಲಕ ಹೇಳುತ್ತಿದ್ದಳು.

"ಉಮ್ಮ, ಅವರಿಗೆ ಚಹಾಕ್ಕೆ ಸಕ್ಕರೆ ಎಷ್ಟು ಕೇಳಿ."

"ಅವರು ಇಲ್ಲೇ ಇದ್ದಾರಲ್ಲ, ನೀನೇ ಕೇಳು."

ಹುಡುಗಿ ಬಾಯಿ ತೆರೆಯುತ್ತಿದ್ದಳು. ಏನೋ ಕೇಳಲು ಹೊರಟವಳಂತೆ ಅವನ ಮುಖ ನೋಡುತ್ತಿದ್ದಳು. ಮತ್ತೆ ನುಂಗಿಕೊಂಡು ಬೋಲ್ಟು ತೊಳೆಯುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಶನಿವಾರ, ಸಂಜೆ ಕೆಲಸ ಮುಗಿಸಿ ಬಂದ ಶಿಹಾಬ್ ಚಾಸಿಸ್‌ನ ಹಿಂಭಾಗಕ್ಕೆ ಸುತ್ತಿಗೆಯಿಂದ ತಟ್ಟಿ ನೋಡಿದ. ಅವನ ಮುಖ ಬಾಡಿತು.

"ಸಮೀನಾ, ನಾನಂದುಕೊಂಡದ್ದಕ್ಕಿಂತ ಜಾಸ್ತಿ ಉಂಟು ತುಕ್ಕು. ಬೇರೆ ಚಾಸಿಸ್ ಹುಡುಕಿದ್ರೆ ಆಗದಾ? ಮಗು ಕೂರುವ ಗಾಡಿ..."

"ಬೇರೆಯದಕ್ಕೆ ಕಾಗದ ಎಲ್ಲಿಂದ ತರಲಿ? ಇದೇ ಆಗಬೇಕು."

"ಹಟ ಮಾಡಬೇಡಿ. ನಿಮ್ಮ ಒಳ್ಳೆಯದಕ್ಕೇ..."

"ಆ ಮಾತು ಬೇಡ!"

ಅವಳ ದನಿ ತನಗೇ ಹೊಸದಾಗಿ ಕೇಳಿಸಿತು. ಶಿಹಾಬ್ ಸುತ್ತಿಗೆ ಕೆಳಗಿಟ್ಟ. ಆಮೇಲೆ ಮೆಲ್ಲಗೆ, "ಸರಿ. ಇದನ್ನೇ ಉಳಿಸುವ. ಎಲ್ಲೆಲ್ಲಿ ಪಟ್ಟಿ ಕೊಡಬೇಕು ನೋಡಿ ಗುರುತು ಹಾಕ್ತೇನೆ" ಎಂದ.

ಆದರೆ ಅದನ್ನು ಕೇಳಲು ಅವಳು ಅಲ್ಲಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಕಾಣಬಾರದೆಂದು ಒಳಗೆ ಹೋಗಿಯಾಗಿತ್ತು.

*

ಮರುದಿನ ಬೆಳಿಗ್ಗೆ ಬಜಪೆಯ ಜೊಕಿಮ್ ಎಂಬವರ ಗ್ಯಾರೇಜಿಗೆ ಹೋಗಿ, ರಿಪೇರಿಗೆ ಕೊಟ್ಟಿದ್ದ ಡೀಸೆಲ್ ಪಂಪನ್ನು ಮಗುವಿನಂತೆ ಎದೆಗವಚಿಕೊಂಡು ಸಮೀನಾ ಮನೆಗೆ ಬಂದಳು. ಗೇಟಿನ ಹತ್ತಿರವೇ ಮೂಗಿಗೆ ಬಡಿಯಿತು, ಗ್ಯಾಸ್ ಕಟಿಂಗಿನ ವಾಸನೆ.

ಶೀಟಿನ ಮಾಡಿನ ಅಡಿಯಲ್ಲಿ ಜೀಪಿನ ಬೆನ್ನು ಮುರಿದು ಬಿದ್ದಿತ್ತು.

ಚಾಸಿಸ್‌ನ ಎರಡೂ ತೊಲೆಗಳು ಹಿಂಭಾಗದಲ್ಲಿ ನೇರವಾಗಿ ಕತ್ತರಿಸಿ ಹೋಗಿದ್ದವು. ಅಂಚು ಇನ್ನೂ ಕೆಂಪಗಿತ್ತು. ಕತ್ತರಿಸಿದ ಜಾಗದಲ್ಲೂ, ಅದರಾಚೆಗೂ ಚಾಕ್‌ಪೀಸಿನ ಹಳದಿ ಗೆರೆಗಳು. ಅದರ ಪಕ್ಕದಲ್ಲಿ, ಕೈಯಲ್ಲಿ ಗ್ಯಾಸ್ ಕಟ್ಟರ್ ಹಿಡಿದು ಶಿಹಾಬ್ ನಿಂತಿದ್ದ!

ಸಮೀನಾಳ ಕಣ್ಣು ಆ ಗೆರೆಗಳ ಮೇಲೇ ನಿಂತಿತು.

"ಈ ಗೆರೆ ಯಾರು ಎಳೆದದ್ದು?"

"ನಾನು. ಆದ್ರೆ..."

"ನೀವಾ?"

"ಸಮೀನಾ, ಒಮ್ಮೆ ಕೇಳಿ..."

"ಬೇರೆ ಚಾಸಿಸ್ ತಗೊಳ್ಳಿ ಅಂದ್ರಿ. ನಾನು ಒಪ್ಪಲಿಲ್ಲ. ಅದಕ್ಕೆ ನೀವೇ ತೀರ್ಮಾನ ಮಾಡಿ ಆಯ್ತು, ಅಲ್ವಾ?" ಅವಳು ಪಂಪನ್ನು ನೆಲಕ್ಕಿಟ್ಟಳು. "ನನ್ನನ್ನು ಕೇಳದೆ ನನಗೆ ಒಳ್ಳೆಯದು ಮಾಡುವವರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ನೀವು ಹಾಗಲ್ಲ ಅಂದುಕೊಂಡಿದ್ದೆ. ಹೋಗಿ."

ಶಿಹಾಬ್ ಬಾಯಿ ತೆರೆದ. ಮನೆಯ ಬಾಗಿಲ ಕಡೆ ಒಮ್ಮೆ ನೋಡಿದ. ಅಲ್ಲಿ ಅದ್ದು ಗೋಡೆ ಹಿಡಿದುಕೊಂಡು ನಿಂತಿದ್ದರು; ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ.

ಅವನು ಕಟ್ಟರನ್ನು ಮೆಲ್ಲಗೆ ನೆಲಕ್ಕಿಟ್ಟ. ಎಡಗೈಯನ್ನು ಅಂಗಿಯ ಅಡಿಯಲ್ಲಿ ಅಡಗಿಸಿಕೊಂಡು ಹೊರಟು ಹೋದ.

*

"ಲಾರಿಗೆ ಹೇಳಲಾ?" ಎಂದು ಅದ್ದು ಕೇಳಲಿಲ್ಲ. ಆಶ್ಚರ್ಯವೆಂದರೆ, ಏನನ್ನೂ ಕೇಳಲಿಲ್ಲ.

ಸಮೀನಾ ಎರಡು ದಿನ ಅತ್ತಳು. ಮೂರನೆಯ ದಿನ ಮಗಳನ್ನು ಶಾಲೆಗೆ ಕಳಿಸಿ, ಅನ್ನ ಬಸಿದಿಟ್ಟು, ಯಾರ್ಡಿನ ಹಳೆಯ ವೆಲ್ಡಿಂಗ್ ಮಿಷನ್ನಿನ ಧೂಳು ಒರೆಸಿದಳು.

*ಕತ್ತರಿಸಿದ್ದನ್ನು ಜೋಡಿಸಲಿಕ್ಕೆ ಯಾರಾದರೂ ಬರಬೇಕಾ? ನನಗೆ ಕೈ ಇಲ್ಲವಾ?*

ಚಾಸಿಸ್‌ನಷ್ಟೇ ದಪ್ಪದ ಕಬ್ಬಿಣದ ತುಂಡುಗಳನ್ನು ಆರಿಸಿಕೊಂಡಳು. ಎರಡೆರಡನ್ನು ಜೋಡಿಸುವುದು, ಆರಿದ ಮೇಲೆ ಸುತ್ತಿಗೆಯಿಂದ ಹೊಡೆಯುವುದು. ಮೊದಲನೆಯದು ಕೈಯಲ್ಲೇ ಬಿಟ್ಟುಕೊಂಡಿತು. ಹತ್ತನೆಯದು ಎರಡು ಏಟಿಗೆ. ಮೂವತ್ತನೆಯದು ಆರು ಏಟಿಗೆ. ಕಿಡಿ ಹಾರಿ ತೋಳಿನಲ್ಲೆಲ್ಲ ಚುಕ್ಕೆ ಚುಕ್ಕೆ ಗುಳ್ಳೆ. ಪ್ರತಿ ಸಂಜೆ ರೈಹಾನಾ ಉಸಿರು ಊದುತ್ತಾ ಮುಲಾಮು ಹಚ್ಚುತ್ತಿದ್ದಳು.

"ಉಮ್ಮ, ಈ ಭಾನುವಾರವೂ ಅವರು ಬರುವುದಿಲ್ವಾ?"

ಸಮೀನಾ ತೋಳನ್ನು ಹಿಂದಕ್ಕೆ ಎಳೆದುಕೊಂಡಳು. ಹುಡುಗಿ ಮುಲಾಮಿನ ಮುಚ್ಚಳವನ್ನು ಬಹಳ ಹೊತ್ತು ತಿರುಗಿಸುತ್ತಾ ಕುಳಿತಳು.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಅದ್ದು ಬಂದು ಮಗಳ ಎದುರು ಹಳೇ ಟಯರಿನ ಮೇಲೆ ಕುಳಿತರು. ಅವಳ ಕೈಯ ಗುಳ್ಳೆಗಳನ್ನು ನೋಡಿದರು.

"ಸಮೀ... ಅದನ್ನು ಕತ್ತರಿಸಿದ್ದು ನಾನು."

ರಾಡ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಎಂತ ಹೇಳ್ತಿದ್ದೀರಿ ಬಾಪ?"

"ನಮ್ಮಲ್ಲಿ ಹಳದಿ ಗೆರೆ ಅಂದ್ರೆ ಎಂತ ಮಗಳೇ?"

ಅವಳಿಗೆ ಗೊತ್ತಿತ್ತು. ಚಿಕ್ಕಂದಿನಿಂದ ಗೊತ್ತಿತ್ತು. ಬಿಳಿ ಗೆರೆ ಎಂದರೆ ಮಾರಲು ಇಡು. ಹಳದಿ ಗೆರೆ ಎಂದರೆ ಇಲ್ಲಿ ಕತ್ತರಿಸು. ಈ ಯಾರ್ಡಿನಲ್ಲಿ ನಲವತ್ತು ವರ್ಷದಿಂದ ಅದೇ ಪದ್ಧತಿ.

"ಬೆಳಿಗ್ಗೆ ನೋಡಿದ್ರೆ ಜೀಪಿನ ತುಂಬಾ ಹಳದಿ ಗೆರೆ. ಹಿಂದಿನ ದಿನ ನೀನು ಅತ್ತುಕೊಂಡು ಒಳಗೆ ಬಂದದ್ದೂ ಕಂಡಿದ್ದೆ. ಮಗಳು ಕೈ ಬಿಟ್ಟಳು, ಬಾಯಲ್ಲಿ ಹೇಳ್ಲಿಕ್ಕೆ ಬೇಜಾರಾಗಿ ಗೆರೆ ಎಳೆದಿಟ್ಟಿದ್ದಾಳೆ ಅಂದುಕೊಂಡೆ. ನೀನು ಬರುವ ಮೊದಲು ಮುಗಿಸಿದ್ರೆ ನೋಡುವ ಸಂಕಟ ಇಲ್ಲ ಅಂತ ಕಟ್ಟರ್ ಹಚ್ಚಿದೆ."

"ಮತ್ತೆ ಶಿಹಾಬ್..."

"ಎರಡು ಕಡೆ ಕತ್ತರಿಸಿ ಮೂರನೆಯದಕ್ಕೆ ಹೋಗುವಾಗ ಬಂದ. 'ನಿಲ್ಲಿಸಿ ಅದ್ದಾಕ' ಅಂತ ಬೊಬ್ಬೆ ಹೊಡೆದು ಕಟ್ಟರನ್ನೇ ಕಿತ್ತುಕೊಂಡ. ಕೈ ಸುಟ್ಟುಕೊಂಡ ಪಾಪ. ಅವರ ಶೆಡ್ಡಿನಲ್ಲಿ ಹಳದಿ ಗೆರೆ ಅಂದ್ರೆ ಇಲ್ಲಿ ಬಲ ಕೊಡಬೇಕು ಅಂತ ಅಂತೆ." ಅದ್ದು ಟವೆಲಿನಿಂದ ಕಣ್ಣೊರೆಸಿಕೊಂಡರು. "ನಿನ್ನ ಮುಖ ನೋಡಿ ನನಗೆ ಬಾಯಿ ಬರಲಿಲ್ಲ. ಅವನೂ ಹೇಳಲಿಲ್ಲ. ನಲವತ್ತು ವರ್ಷ ಎಲ್ಲರನ್ನೂ ಬೈದು ಬದುಕಿದೆ ಮಗಳೇ. ಈ ಮೂರು ವಾರ ಕನ್ನಡಿ ನೋಡ್ಲಿಕ್ಕೆ ಆಗಲಿಲ್ಲ."

ಸಮೀನಾ ಬಾಪನ ಕೈ ಹಿಡಿದುಕೊಂಡಳು. *ಹಳದಿ ಗೆರೆಯ ಅರ್ಥ ನಾನಾದರೂ ಅವನಿಗೆ ಹೇಳಿದ್ದೆನಾ? ಒಂದು ಮಾತು ಪೂರ್ತಿ ಕೇಳಿದ್ದೆನಾ?*

*

ಪಣಂಬೂರಿನ ಬಸ್ಸಿನಲ್ಲಿ ಅವಳ ಮಡಿಲ ಮೇಲೊಂದು ಬಟ್ಟೆಯ ಚೀಲವಿತ್ತು. ಎಷ್ಟು ಭಾರವೆಂದರೆ, ಪಕ್ಕದಲ್ಲಿ ಕುಳಿತ ಹೆಂಗಸು, "ಎಂತ ಅಕ್ಕ, ಕಲ್ಲು ಹೊತ್ತುಕೊಂಡು ಹೋಗ್ತಿದ್ದೀರಾ?" ಎಂದು ಕೇಳಿದಳು.

ಶೆಡ್ಡಿನ ಬಾಗಿಲಲ್ಲಿ ಅವಳನ್ನು ಕಂಡು ಶಿಹಾಬ್ ಮುಖದ ಶೀಲ್ಡ್ ಮೇಲೆತ್ತಿದ. ಅವನ ಎಡ ಅಂಗೈಯಲ್ಲಿ ಆಗಷ್ಟೇ ಮಾಯುತ್ತಿದ್ದ ನಸುಗೆಂಪು ಚರ್ಮ. ಅದನ್ನು ನೋಡಿದ್ದೇ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

ಚೀಲದಿಂದ ಕಬ್ಬಿಣದ ತುಂಡೊಂದನ್ನು ತೆಗೆದು ಅವನ ಮುಂದೆ ಚಾಚಿದಳು.

"ಇದನ್ನು ಮುರಿಯಿರಿ."

ಅವನು ಮರುಮಾತಿಲ್ಲದೆ ಅದನ್ನು ಕಬ್ಬಿಣ ಬಿಗಿಹಿಡಿಯುವ ವೈಸಿಗೆ ಕಚ್ಚಿಸಿ ದೊಡ್ಡ ಸುತ್ತಿಗೆ ಎತ್ತಿದ. ಒಂದು ಏಟು. ಐದು. ಹತ್ತು. ಕಬ್ಬಿಣ ಬಾಗಿತು. ಜೋಡಿಸಿದ ಜಾಗ ಬಿಡಲಿಲ್ಲ.

ಬೆವರು ಒರೆಸಿಕೊಂಡು ಅವನು ಆ ಜೋಡಣೆಯ ಮೇಲೆ ಹೆಬ್ಬೆರಳು ಆಡಿಸಿದ.

"ಯಾರು ಮಾಡಿದ್ದು?"

"ನಾನು."

"ಎಷ್ಟನೆಯದ್ದು?"

"ಐವತ್ತೊಂದು. ಐವತ್ತು ಮುರಿದವು."

ಶಿಹಾಬ್ ನಕ್ಕ. ಮೂರು ವಾರದ ಬಿಗಿಯೆಲ್ಲ ಆ ನಗುವಿನಲ್ಲಿ ಸಡಿಲಿತು. ಸಮೀನಾಳಿಗೆ ಅಳು ಬಂತು.

"ಬಾಪ ಹೇಳಿದ್ರು. ನೀವು ಯಾಕೆ ಹೇಳಲಿಲ್ಲ?"

"ಗೆರೆ ಯಾರದ್ದು ಅಂತ ಕೇಳಿದ್ರಿ. ಗೆರೆ ನನ್ನದೇ ಅಲ್ವಾ? ಮತ್ತೆ... ಅದ್ದಾಕ ಗೋಡೆ ಹಿಡಿದುಕೊಂಡು ನಿಂತಿದ್ರು. ನನ್ನ ಮೇಲೆ ಸಿಟ್ಟು ಬಂದ್ರೆ ನಾನು ಪಣಂಬೂರಿಗೆ ಬರಬಹುದು. ಅವರು ಎಲ್ಲಿಗೆ ಹೋಗಬೇಕು?"

"ನನ್ನನ್ನು ಕ್ಷಮಿಸಿ."

"ನನ್ನನ್ನೂ. ಒಳ್ಳೆಯದಕ್ಕೇ ಅನ್ನುವ ಆ ಮಾತು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ." ಸುತ್ತಿಗೆ ಬದಿಗಿಟ್ಟು ಕೇಳಿದ, "ಭಾನುವಾರ ಬಂದು ಜೋಡಿಸಿ ಕೊಡಲಾ?"

"ಬೇಡ." ಅವಳು ಮುಖ ಒರೆಸಿಕೊಂಡಳು. "ಜೋಡಿಸುವುದು ನಾನು. ನೀವು ಪಕ್ಕದಲ್ಲಿ ನಿಲ್ಲಿ. ತಪ್ಪಿದ್ರೆ ಹೇಳಿ."

"ಸರಿ ಮೇಸ್ತ್ರಿ."

*

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕೆಲಸ ಸಾಗಿತು. ಕತ್ತರಿಸಿದ ತೊಲೆಗಳನ್ನು ದಾರ ಹಿಡಿದು ಸಾಲಿಗೆ ತಂದು, ಒಳಗೂ ಹೊರಗೂ ದಪ್ಪ ಪಟ್ಟಿ ಕೊಟ್ಟು ಸಮೀನಾ ವೆಲ್ಡ್ ಮಾಡಿದಳು. ಎರಡು ಕಡೆ ಶಿಹಾಬ್ ತಲೆಯಾಡಿಸಿದ; ಎರಡನ್ನೂ ಉಜ್ಜಿ ತೆಗೆದು ಮತ್ತೆ ಮಾಡಿದಳು. ಬಿಚ್ಚಿಟ್ಟಿದ್ದ ಗೇರ್‌ಬಾಕ್ಸ್ ಮತ್ತೆ ಕೂತಿತು. ಸ್ಟೇರಿಂಗ್ ಬಂತು. ಹರಿದ ಸೀಟುಗಳಿಗೆ ಹೊಸ ಬಟ್ಟೆ ಹೊಲಿಸಿಯಾಯಿತು.

ಮೇ ಕೊನೆಯ ಭಾನುವಾರ. ಬೆಳಿಗ್ಗೆಯೇ ಸಮುದ್ರದ ಕಡೆ ಮೋಡ ಕಟ್ಟಿತ್ತು. ಅದ್ದು ಆಕಾಶ ನೋಡಿದರು, ಜೀಪು ನೋಡಿದರು.

"ಇವತ್ತಾ?"

"ಇವತ್ತೇ ಬಾಪ. ಇಂಜಿನ್ ಕೂರಿಸಿದ ಎರಡು ಬೋಲ್ಟು ಬಿಗಿದ್ರೆ ಆಯ್ತು."

ಆದರೆ ಆ ಎರಡು ಬೋಲ್ಟು ತಟ್ಟೆಯಲ್ಲಿರಲಿಲ್ಲ! ಎಲ್ಲಿಯೂ ಇರಲಿಲ್ಲ. ಇಡೀ ಮಾಡಿನ ಅಡಿ ಹುಡುಕಿದರು.

"ನಿನ್ನೆ ರೈಹಾನಾ ತೊಳೆದು ಇಟ್ಟದ್ದು..." ಎನ್ನುತ್ತಾ ಸಮೀನಾ ತಿರುಗಿದಳು. ಮಗಳು ಕಂಬದ ಹಿಂದೆ ನಿಂತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಕೈಯಲ್ಲಿ ಶಾಲೆಯ ಕಂಪಾಸ್ ಬಾಕ್ಸ್.

ಮುಚ್ಚಳ ತೆರೆದರೆ, ಪೆನ್ಸಿಲ್ಲಿನ ಪಕ್ಕ ಎರಡು ಬೋಲ್ಟು.

"ಯಾಕೆ ಚಿನ್ನ?"

"ಜೀಪು ಮುಗಿದ್ರೆ..." ದನಿ ಒಡೆಯಿತು. "ಮುಗಿದ್ರೆ ಮತ್ತೆ ಅವರಿಗೆ ಇಲ್ಲಿ ಕೆಲಸ ಇಲ್ಲ ಅಲ್ವಾ ಉಮ್ಮ?"

ಶಿಹಾಬ್ ಕೈಯ ಸ್ಪ್ಯಾನರ್ ಕೆಳಗಿಟ್ಟ. ಸಮೀನಾ ಮಗಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. *ಎಂಟು ವರ್ಷದ ಮಗುವಿಗೆ ಇರುವ ಧೈರ್ಯ ನನಗಿಲ್ಲವೇ?*

"ಇವಳು ಬೋಲ್ಟು ಅಡಗಿಸಿದಳು, ಶಿಹಾಬ್. ನಾನು ಎಂತ ಮಾಡಿದೆ ಗೊತ್ತುಂಟಾ? ಹೋದ ಭಾನುವಾರ ಬ್ರೇಕ್ ಪೈಪ್ ಲೀಕ್ ಉಂಟು ಅಂತ ಪೂರ್ತಿ ಬಿಚ್ಚಿಸಿದೆ. ಲೀಕ್ ಇರಲೇ ಇಲ್ಲ. ಕೆಲಸ ಬೇಗ ಮುಗಿಯಬಾರದು ಅಂತ..."

ಶಿಹಾಬ್ ತಲೆ ತಗ್ಗಿಸಿದ. ಕಿವಿಯವರೆಗೆ ಕೆಂಪಾಗಿದ್ದ.

"ಲೀಕ್ ಇಲ್ಲ ಅಂತ ನನಗೆ ಗೊತ್ತಿತ್ತು."

"ಮತ್ತೆ ಬಿಚ್ಚಿದ್ರಿ?"

"ಸಂಜೆಯವರೆಗೆ ಬಿಚ್ಚಿದೆ. ನಿಧಾನಕ್ಕೆ."

ಇಬ್ಬರೂ ಒಟ್ಟಿಗೆ ನಕ್ಕರು.

"ಅದ್ದಾಕನ ಹತ್ರ ನಮ್ಮಿಬ್ಬರ ವಿಷಯ ಮಾತಾಡಲಾ ಸಮೀನಾ?"

"ಮೊದಲು ನನ್ನನ್ನು ಕೇಳಿ."

"ಕೇಳ್ತಾ ಇದ್ದೇನೆ."

"ಹೂಂ..." ಎಂದಳು ಸಮೀನಾ. ಅಷ್ಟು ಸಣ್ಣ ಮಾತು ಹೇಳಲು ಅಷ್ಟು ಉಸಿರು ಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ಆಚೆಯಿಂದ ಅದ್ದು ಕೆಮ್ಮಿದರು. "ನನಗೆ ಕಿವಿ ಚೆನ್ನಾಗಿಯೇ ಕೇಳ್ತದೆ ಮಾರಾಯ್ರೆ! ಮೊದಲು ಗಾಡಿ ಹೊರಗೆ ತನ್ನಿ, ಮಳೆ ಬಂತು!"

ಸಮೀನಾ ಬೋಲ್ಟು ಬಿಗಿದಳು. ಸ್ಟೇರಿಂಗಿನ ಮುಂದೆ ಕುಳಿತು, 'ಬಿಸ್ಮಿಲ್ಲಾ' ಎಂದು ಕೀ ತಿರುಗಿಸಿದಳು. ಇಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಎರಡನೆಯ ಸಲವೂ. ಮೂರನೆಯ ಸಲ, ಯಾರ್ಡಿನ ಕಾಗೆಗಳೆಲ್ಲ ಹಾರಿಹೋಗುವಂತೆ ಗುಡುಗಿ ಹಿಡಿದುಕೊಂಡಿತು!

ಪಕ್ಕದ ಸೀಟಿನಲ್ಲಿ ಶಿಹಾಬ್, ಇಬ್ಬರ ನಡುವೆ ರೈಹಾನಾ. ಬಣ್ಣವಿಲ್ಲದ, ಬಾಗಿಲಿಲ್ಲದ ಜೀಪು ಮೆಲ್ಲಗೆ ಕದಲಿತು. ಅದ್ದು ಓಡಿಹೋಗಿ ಗೇಟಿನ ಎರಡೂ ಬಾಗಿಲು ತೆರೆದು ಹಿಡಿದರು. ಮುಂದಿನ ಚಕ್ರ ದಾಟಿತು. ಹಿಂದಿನ ಚಕ್ರವೂ ದಾಟಿತು. ಮೊದಲ ಮಳೆಹನಿ ಗಾಜಿನ ಮೇಲೆ ಬಿತ್ತು.

ಓಣಿಯಲ್ಲಿ ಜೀಪು ನಿಲ್ಲಿಸಿ ಸಮೀನಾ ಕಣ್ಣು ಮುಚ್ಚಿಕೊಂಡಳು. ಸ್ಟೇರಿಂಗ್ ಹಿಡಿದ ಅವಳ ಕೈಯ ಮೇಲೆ, ಮೊದಲ ಬಾರಿಗೆ, ಶಿಹಾಬನ ಮಾಯ್ದ ಅಂಗೈ ಬಂದು ಕೂತಿತು.

"ದಾಟಿಸಿದ್ರಿ ಮೇಸ್ತ್ರಿ."

"ದಾಟಿಸಿದೆ."

ರೈಹಾನಾ ಆ ಎರಡು ಕೈಗಳನ್ನು ನೋಡಿದಳು. ತಾಯಿಯ ಮುಖ ನೋಡಿದಳು. ಆಮೇಲೆ ಶಿಹಾಬನ ಕಡೆಗೇ ತಿರುಗಿ, ಇಷ್ಟು ದಿನ ನುಂಗಿಕೊಂಡಿದ್ದದ್ದನ್ನು ಇಂಜಿನ್ನಿನ ಸದ್ದಿಗಿಂತ ಗಟ್ಟಿಯಾಗಿ ಕೇಳಿದಳು:

"ಹಾಗಾದ್ರೆ... ನಾನು ನಿಮ್ಮನ್ನು ಎಂತ ಅಂತ ಕರೀಬೇಕು?"